ಲಂಡನ್ನಿನಲ್ಲಿ ಇವತ್ತು ಯಾವ ನಾಟಕ?

ಲಂಡನ್ನಿಗೆ ಹೋಗುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಟವರ್ ಆಫ್ ಲಂಡನ್, ಟವರ್ ಬ್ರಿಡ್ಜ್, ಸೇಂಟ್ ಪಾಲ್ಸ್ ಕೆಥೆಡ್ರಲ್, ಪಾರ್ಲಿಮೆಂಟು, ಬಿಗ್ ಬೆನ್, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ. ಒಂದೊಂದರ ಮುಂದೆಯೂ ನಿಂತು ಫೋಟೊ ತೆಗೆಸಿಕೊಂಡು, ಕಾಲು ಸೋತು ಹೋಟೆಲ್ಲಿಗೆ ಮರಳುವಾಗ ಊರು ನೋಡಿದ್ದು ಮುಗಿಯಿತು ಅನಿಸುತ್ತದೆ. ಆದರೆ ಕೋಟೆ, ಅರಮನೆ, ಚರ್ಚುಗಳ ಬಾಗಿಲು ಮುಚ್ಚುವ ಹೊತ್ತಿಗೇ ಆ ಊರಿನಲ್ಲಿ ಬೇರೆ ಬಾಗಿಲುಗಳು ತೆರೆದುಕೊಳ್ಳುತ್ತವೆ. ಸಂಜೆ ಏಳರ ಸುಮಾರಿಗೆ ಕಾವೆಂಟ್ ಗಾರ್ಡನ್, ಶಾಫ್ಟ್ಸ್‌ಬರಿ ಅವೆನ್ಯೂ, ಲೆಸ್ಟರ್ ಸ್ಕ್ವೇರ್‌ಗಳ ಫುಟ್‌ಪಾತಿನಲ್ಲಿ ಜನ ಸಾಲುಗಟ್ಟುತ್ತಾರೆ. ಏಳೂವರೆಗೆ ಸುಮಾರು ನಲವತ್ತು ರಂಗಮಂದಿರಗಳಲ್ಲಿ ದೀಪ ಆರುತ್ತದೆ, ಆಟ ಶುರುವಾಗುತ್ತದೆ. ವೆಸ್ಟ್ ಎಂಡ್ ಎಂದು ಕರೆಯುವ ಈ ಭಾಗದ ರಂಗಮಂದಿರಗಳಿಗೆ 2023ರಲ್ಲಿ ಹೋಗಿಬಂದ ಪ್ರೇಕ್ಷಕರ ಲೆಕ್ಕ 1.7 ಕೋಟಿಯನ್ನು ದಾಟಿತ್ತು.

ಕೋಟೆ, ಅರಮನೆಗಳನ್ನು ಕಟ್ಟಿಸಿದವರು ರಾಜರು. ಕಾಯುತ್ತಿರುವುದು ಸರ್ಕಾರ, ಟ್ರಸ್ಟುಗಳು. ರಂಗಮಂದಿರಗಳ ಕಥೆ ಬೇರೆ. ಅವು ಸುಟ್ಟುಹೋಗಿವೆ, ಕಾನೂನಿನ ಕೈಯಲ್ಲಿ ಬೀಗ ಜಡಿಸಿಕೊಂಡಿವೆ, ಬಿಲ್ಡರುಗಳ ಕೈಗೆ ಸಿಕ್ಕು ನೆಲಸಮವಾಗಿವೆ. ಆದರೂ ಇವತ್ತು ಅಷ್ಟೊಂದು ರಂಗಮಂದಿರಗಳು ನಿಂತಿವೆ ಎಂದರೆ, ಅಲ್ಲಿ ಪ್ರತಿ ರಾತ್ರಿ ಆಟ ನಡೆಯಲೇಬೇಕೆಂದು ಹಟ ಹಿಡಿದ ಜನ ಪ್ರತಿ ತಲೆಮಾರಿನಲ್ಲೂ ಇದ್ದರು. ಆ ಹಟವನ್ನು ಕಾಣದೆ ಬಂದರೆ ಲಂಡನ್ನಿನ ಅರ್ಧವನ್ನಷ್ಟೇ ನೋಡಿದ ಹಾಗೆ.

ನದಿಯ ದಡದ ಕಾಂಕ್ರೀಟು ಮನೆ

ಈ ತಿರುಗಾಟವನ್ನು ವಾಟರ್‌ಲೂ ಸೇತುವೆಯ ನಡುವಿನಿಂದ ಶುರುಮಾಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದು ಕಟ್ಟಿದ ಸೇತುವೆ ಇದು. ‘ಹೆಂಗಸರ ಸೇತುವೆ’ ಎಂದೂ ಅದನ್ನು ಕರೆಯುತ್ತಾರೆ. ಥೇಮ್ಸ್ ನದಿ ಇಲ್ಲಿ ದೊಡ್ಡದಾಗಿ ತಿರುಗುವುದರಿಂದ ಒಂದು ಕಡೆ ಪಾರ್ಲಿಮೆಂಟಿನ ಗೋಪುರಗಳು, ಇನ್ನೊಂದು ಕಡೆ ಸೇಂಟ್ ಪಾಲ್ಸ್‌ನ ಗುಮ್ಮಟ, ಎರಡೂ ಕಾಣುತ್ತವೆ. ದಕ್ಷಿಣ ದಡದಲ್ಲಿ ಸೇತುವೆಗೆ ಅಂಟಿಕೊಂಡಂತೆ ಬೂದು ಬಣ್ಣದ ದೊಡ್ಡ ಕಾಂಕ್ರೀಟು ಕಟ್ಟಡವೊಂದಿದೆ. ಅದೇ ನ್ಯಾಷನಲ್ ಥಿಯೇಟರ್.

ದೇಶಕ್ಕೊಂದು ರಾಷ್ಟ್ರೀಯ ರಂಗಭೂಮಿ ಬೇಕೆಂಬ ಮಾತು 1848ರಲ್ಲೇ ಕೇಳಿಬಂದಿತ್ತು. ತಂಡ ಹುಟ್ಟಿದ್ದು 1963ರಲ್ಲಿ, ನಟ ಲಾರೆನ್ಸ್ ಒಲಿವಿಯೆ ಅವರ ನಾಯಕತ್ವದಲ್ಲಿ, 1818ರಿಂದ ಇರುವ ಓಲ್ಡ್ ವಿಕ್ ರಂಗಮಂದಿರದಲ್ಲಿ. ಸ್ವಂತ ಮನೆ ಆದದ್ದು 1976ರಲ್ಲಿ. ವಾಸ್ತುಶಿಲ್ಪಿ ಡೆನಿಸ್ ಲ್ಯಾಸ್ಡನ್ ಕಟ್ಟಿದ ಈ ಮನೆಯೊಳಗೆ ಮೂರು ರಂಗಗಳಿವೆ. ದೊಡ್ಡದಾದ ಒಲಿವಿಯೆ ರಂಗಮಂದಿರವು ಗ್ರೀಸಿನ ಎಪಿಡಾರಸ್‌ನ ಬಯಲು ರಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಬೀಸಣಿಗೆಯಂತೆ ಹರಡಿದ ಅಲ್ಲಿನ ಸಾವಿರಕ್ಕೂ ಹೆಚ್ಚು ಕುರ್ಚಿಗಳಲ್ಲಿ ಎಲ್ಲಿ ಕೂತರೂ ನಟ ಕಣ್ಣಳತೆಯಲ್ಲೇ ಇರುತ್ತಾನೆ.

ಈ ಕಟ್ಟಡವನ್ನು ಕಂಡರಾಗದವರು ಬಹಳ ಮಂದಿ. ಆಗ ಯುವರಾಜರಾಗಿದ್ದ ಚಾರ್ಲ್ಸ್ ಇದನ್ನು ಅಣು ವಿದ್ಯುತ್ ಸ್ಥಾವರಕ್ಕೆ ಹೋಲಿಸಿದ್ದರು. ಆದರೆ ಒಳಗೆ ಕಾಲಿಟ್ಟರೆ ಸಿಟ್ಟು ಇಳಿಯುತ್ತದೆ. ಹತ್ತಿರ ಹೋಗಿ ಗೋಡೆ ಸವರಿದರೆ ಕಾಂಕ್ರೀಟಿನ ಮೇಲೆ ಮರದ ಹಲಗೆಯ ಗೆರೆಗಳು ಕೈಗೆ ತಾಗುತ್ತವೆ; ಒರಟು ಹಲಗೆಗಳ ಅಚ್ಚಿನಲ್ಲಿ ಎರಕ ಹೊಯ್ದದ್ದರ ಗುರುತು ಅದು. ಮುಖ್ಯವಾದ ಸಂಗತಿ ಇನ್ನೊಂದಿದೆ. ಇಲ್ಲಿನ ವಿಶಾಲ ಪಡಸಾಲೆಗಳಿಗೆ ಹೋಗಲು ಟಿಕೆಟ್ ಬೇಕಿಲ್ಲ. ಹಗಲಿಡೀ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಬಿಡಿಸಿಕೊಂಡು ಓದುತ್ತಿರುತ್ತಾರೆ, ಮುದುಕರು ಕಾಫಿ ಕುಡಿಯುತ್ತ ಪತ್ರಿಕೆ ತಿರುವುತ್ತಿರುತ್ತಾರೆ, ತಾಯಂದಿರು ಮಕ್ಕಳನ್ನು ಆಡಲು ಬಿಟ್ಟು ಕೂತಿರುತ್ತಾರೆ. ನಾಟಕ ನೋಡದವರಿಗೂ ಇದು ತಮ್ಮದೇ ಜಾಗ. ನಾಟಕಶಾಲೆಗೆ ಇಂಥ ಬಳಕೆ ಇದ್ದರೆ ಅದನ್ನು ಮುಚ್ಚುವ ಮಾತು ಸುಲಭವಾಗಿ ಏಳುವುದಿಲ್ಲ.

ನೆಲದ ಟಿಕೆಟ್ಟಿನ ಪ್ರೇಕ್ಷಕರು

ಅಲ್ಲಿಂದ ನದಿಯ ದಡ ಹಿಡಿದು ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಬ್ಯಾಂಕ್‌ಸೈಡ್. ಬಿಳಿ ಗೋಡೆ, ಕಪ್ಪು ಮರದ ಪಟ್ಟಿ, ಮೇಲೆ ಹುಲ್ಲಿನ ಚಾವಣಿಯ ದುಂಡನೆಯ ಶೇಕ್ಸ್‌ಪಿಯರ್ಸ್ ಗ್ಲೋಬ್ ಇಲ್ಲಿದೆ. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲು ಹೊದಿಸಲು ಅನುಮತಿ ಸಿಕ್ಕ ಮೊದಲ ಕಟ್ಟಡ ಇದು.

ಮೂಲ ಗ್ಲೋಬ್‌ನ ಕಥೆಯೇ ಒಂದು ನಾಟಕ. ಊರಿನ ಉತ್ತರಕ್ಕೆ ಶೋರ್‌ಡಿಚ್‌ನಲ್ಲಿ ಜೇಮ್ಸ್ ಬರ್ಬೇಜ್ 1576ರಲ್ಲಿ ‘ದ ಥಿಯೇಟರ್’ ಎಂಬ ನಾಟಕಶಾಲೆ ಕಟ್ಟಿದ್ದ. ಭೋಗ್ಯದ ಅವಧಿ ಮುಗಿದಾಗ ಜಾಗದ ಮಾಲೀಕ ತಕರಾರು ತೆಗೆದ. ನೆಲ ಅವನದಾದರೂ ಮೇಲಿನ ಮರ ತಮ್ಮದೆಂದು ವಾದಿಸಿದ ನಟರು 1598ರ ಡಿಸೆಂಬರ್ ಕೊನೆಯ ಚಳಿಯಲ್ಲಿ ಬಡಗಿಗಳನ್ನು ಕರೆದೊಯ್ದು ಕಟ್ಟಡವನ್ನೇ ಕಳಚಿದರು. ಆ ತೊಲೆಗಳೇ ನದಿ ದಾಟಿ ಬಂದು 1599ರಲ್ಲಿ ಗ್ಲೋಬ್ ಆಗಿ ಎದ್ದವು. ದಕ್ಷಿಣ ದಡವೇ ಯಾಕೆಂದರೆ, ನಾಟಕವನ್ನು ದ್ವೇಷಿಸುತ್ತಿದ್ದ ನಗರಾಡಳಿತದ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. ಕರಡಿ ಕಾಳಗದ ಕಣಗಳು, ವೇಶ್ಯಾಗೃಹಗಳು, ಹೆಂಡದಂಗಡಿಗಳ ನಡುವೆ ನಾಟಕವೂ ಬದುಕಿಕೊಂಡಿತು.

1613ರ ಜೂನ್ 29ರಂದು ಎಂಟನೇ ಹೆನ್ರಿಯ ಕುರಿತ ನಾಟಕ ನಡೆಯುತ್ತಿದ್ದಾಗ ಸಿಡಿಸಿದ ತೋಪಿನ ಕಿಡಿ ಹುಲ್ಲಿಗೆ ಹಾರಿ ರಂಗಮಂದಿರ ಬೂದಿಯಾಯಿತು. ಯಾರೂ ಸಾಯಲಿಲ್ಲ, ಒಬ್ಬನ ಚಡ್ಡಿಗೆ ಹೊತ್ತಿದ ಬೆಂಕಿಯನ್ನು ಬಿಯರು ಸುರಿದು ಆರಿಸಿದರಂತೆ. ಮರುವರ್ಷವೇ ಮತ್ತೆ ಕಟ್ಟಿದರು. 1642ರಲ್ಲಿ ಕಟ್ಟಾ ಮತನಿಷ್ಠರಾದ ಪ್ಯೂರಿಟನ್ನರ ಪಾರ್ಲಿಮೆಂಟು ನಾಟಕಗಳನ್ನೇ ನಿಷೇಧಿಸಿತು, ಗ್ಲೋಬ್ ನೆಲಸಮವಾಯಿತು.

ಮುನ್ನೂರು ವರ್ಷ ಕಳೆದು, 1949ರಲ್ಲಿ ಅಮೆರಿಕದ ನಟ ಸ್ಯಾಮ್ ವಾನಮೇಕರ್ ಶೇಕ್ಸ್‌ಪಿಯರ್‌ನ ರಂಗಮಂದಿರ ಹುಡುಕಿಕೊಂಡು ಇಲ್ಲಿಗೆ ಬಂದರು. ಕಂಡದ್ದು ಬಿಯರು ಕಾರ್ಖಾನೆಯ ಗೋಡೆಯ ಮೇಲಿನ ಒಂದು ಫಲಕ ಮಾತ್ರ. ಜಗತ್ತೇ ಓದುವ ನಾಟಕಕಾರನ ರಂಗಮಂದಿರ ಅವನ ಊರಿನಲ್ಲೇ ಇಲ್ಲವಲ್ಲ ಎಂಬ ಸಂಕಟ ಅವರನ್ನು ಬಿಡಲಿಲ್ಲ. 1970ರಲ್ಲಿ ಟ್ರಸ್ಟ್ ಕಟ್ಟಿದರು, ಹಣಕ್ಕಾಗಿ ಅಲೆದರು, ಕೋರ್ಟು ಹತ್ತಿದರು. ಮೂಲ ಸ್ಥಳದಿಂದ ಕೂಗಳತೆ ದೂರದಲ್ಲಿ ಓಕ್ ಮರವನ್ನು ಹಳೆಯ ಕ್ರಮದಲ್ಲೇ ಬೆಸೆದು, ಮರದ ಗೂಟ ಹೊಡೆದು ಹೊಸ ಗ್ಲೋಬ್ ಎದ್ದಿತು. 1997ರಲ್ಲಿ ಅದು ತೆರೆದಾಗ ವಾನಮೇಕರ್ ಬದುಕಿರಲಿಲ್ಲ, 1993ರಲ್ಲೇ ತೀರಿಕೊಂಡಿದ್ದರು.

ನಮ್ಮ ಕಂಪನಿ ನಾಟಕಗಳಲ್ಲಿ ಕುರ್ಚಿ, ಬೆಂಚು, ನೆಲ ಎಂದು ಟಿಕೆಟ್ಟುಗಳಿದ್ದವಲ್ಲ, ಆ ನೆಲದ ಟಿಕೆಟ್ ಗ್ಲೋಬ್‌ನಲ್ಲಿ ಇವತ್ತಿಗೂ ಇದೆ. ಶೇಕ್ಸ್‌ಪಿಯರ್ ಕಾಲದಲ್ಲಿ ಒಂದು ಪೆನ್ನಿ ಕೊಟ್ಟು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಹೊಸ ಗ್ಲೋಬ್ ಕೂಡ 700 ಜನರಿಗೆ ಅಂಗಳದಲ್ಲಿ ನಿಲ್ಲಲು ಜಾಗ ಇಟ್ಟು, ಆ ಟಿಕೆಟ್ಟಿಗೆ ಬಹುಕಾಲ 5 ಪೌಂಡನ್ನಷ್ಟೇ ಪಡೆಯಿತು. ಅಂಗಳದ ಮೇಲೆ ಚಾವಣಿಯಿಲ್ಲ. ಮಳೆ ಬಂದರೆ ಆಟ ನಿಲ್ಲುವುದಿಲ್ಲ, ಕೊಡೆ ಬಿಚ್ಚುವಂತಿಲ್ಲ. ಆ ಅಂಗಳದಲ್ಲಿ ನಿಂತಾಗ ನನಗೆ ತಿಳಿದದ್ದು ಇಷ್ಟು: ಅತಿ ಕಡಿಮೆ ಕಾಸು ಕೊಟ್ಟವನೇ ರಂಗಕ್ಕೆ ಅತಿ ಹತ್ತಿರದವನು. ಬೆಳಕು ಎಲ್ಲರ ಮೇಲೂ ಇರುವುದರಿಂದ ನಟ ನಮ್ಮ ಕಣ್ಣಿನಲ್ಲಿ ಕಣ್ಣಿಟ್ಟೇ ಮಾತಾಡುತ್ತಾನೆ, ರಂಗದ ಅಂಚಿಗೆ ಮೊಣಕೈ ಊರಿ ನಿಂತವರಿಗೆ ಪ್ರಶ್ನೆ ಎಸೆಯುತ್ತಾನೆ. ಪುಸ್ತಕದಲ್ಲಿ ಸ್ವಗತ ಎಂದು ಓದಿದ್ದು ಅಲ್ಲಿ ಊರವರೊಡನೆ ಮಾಡುವ ಸಮಾಲೋಚನೆಯಾಗಿ ಕೇಳಿಸುತ್ತದೆ.

ಪಕ್ಕದ ಬೀದಿಯಲ್ಲೇ ರೋಸ್ ರಂಗಮಂದಿರದ ಅವಶೇಷಗಳಿವೆ. 1587ರಲ್ಲಿ ಫಿಲಿಪ್ ಹೆನ್ಸ್ಲೊ ಕಟ್ಟಿಸಿದ್ದು. ಶೇಕ್ಸ್‌ಪಿಯರ್‌ನ ಸಮಕಾಲೀನ ನಾಟಕಕಾರ ಮಾರ್ಲೊನ ನಾಟಕಗಳು ನಡೆದ ಜಾಗ. 1989ರಲ್ಲಿ ಆಫೀಸು ಕಟ್ಟಡಕ್ಕೆ ಪಾಯ ತೋಡುವಾಗ ಅಡಿಪಾಯ ಸಿಕ್ಕಿತು. ನೆಲದಲ್ಲಿ ಹೇಝಲ್‌ನಟ್ ಸಿಪ್ಪೆಗಳ ರಾಶಿಯೂ ಇತ್ತು. ನಟ ನಟಿಯರು, ಸಾಮಾನ್ಯರು ಬೀದಿಗಿಳಿದು ಬುಲ್ಡೋಝರುಗಳಿಗೆ ಅಡ್ಡ ನಿಂತರು. ಕಟ್ಟಡದ ನಕ್ಷೆಯೇ ಬದಲಾಯಿತು. ಇವತ್ತು ಮೇಲೆ ಆಫೀಸು, ಕೆಳಗೆ ಅವಶೇಷ. ಬಿರುಕು ಬಿಡದಂತೆ ಅದನ್ನು ನೀರು, ಮರಳಿನಡಿ ಕಾಪಿಟ್ಟಿದ್ದಾರೆ.

ನಾಲ್ಕು ಸಲ ಎದ್ದ ಡ್ರೂರಿ ಲೇನ್

ನದಿ ದಾಟಿ ಉತ್ತರಕ್ಕೆ ಬಂದರೆ ಕಾವೆಂಟ್ ಗಾರ್ಡನ್. 1974ರವರೆಗೆ ಹಣ್ಣು ತರಕಾರಿಯ ಮಂಡಿಯಾಗಿದ್ದ ಈ ಚೌಕದಲ್ಲಿ ಈಗ ಬೀದಿ ಕಲಾವಿದರು ಕಸರತ್ತು ತೋರಿಸುತ್ತಾರೆ. ಅದೂ ಹೊಸದಲ್ಲ. ಸ್ಯಾಮುಯೆಲ್ ಪೀಪ್ಸ್ 1662ರಲ್ಲೇ ಇಲ್ಲಿ ಗೊಂಬೆಯಾಟ ನೋಡಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಚೌಕದ ಒಂದು ಬದಿಗಿರುವ ಸೇಂಟ್ ಪಾಲ್ಸ್ ಚರ್ಚು ಗುಮ್ಮಟದ ಸೇಂಟ್ ಪಾಲ್ಸ್ ಅಲ್ಲ. ಇದು ‘ನಟರ ಚರ್ಚು’. ಒಳಗೋಡೆಗಳ ತುಂಬ ಚಾರ್ಲಿ ಚಾಪ್ಲಿನ್, ವಿವಿಯನ್ ಲೀ ಮುಂತಾದವರ ನೆನಪಿನ ಫಲಕಗಳು. ಬರ್ನಾರ್ಡ್ ಶಾ ‘ಪಿಗ್ಮೇಲಿಯನ್’ ನಾಟಕದ ಮೊದಲ ದೃಶ್ಯವನ್ನು ಇಟ್ಟದ್ದು ಇದರ ಕಂಬಗಳ ಕೆಳಗೇ.

ಅಲ್ಲಿಂದ ಎರಡು ಬೀದಿ ಆಚೆಗೆ ಥಿಯೇಟರ್ ರಾಯಲ್, ಡ್ರೂರಿ ಲೇನ್. ಪ್ಯೂರಿಟನ್ನರ ಆಳ್ವಿಕೆ ಮುಗಿದು ಎರಡನೇ ಚಾರ್ಲ್ಸ್ ಗದ್ದುಗೆಗೆ ಬಂದ ಮೇಲೆ ನಾಟಕಕ್ಕೆ ಮತ್ತೆ ಅಪ್ಪಣೆ ಸಿಕ್ಕಿತು. 1663ರಲ್ಲಿ ಇಲ್ಲಿ ಮೊದಲ ರಂಗಮಂದಿರ ತೆರೆಯಿತು. ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡುವ ಹೊಸ ಕಾಲವೂ ಆಗಲೇ ಬಂದದ್ದು. ಮೊದಲು ಇದೇ ಥಿಯೇಟರಿನಲ್ಲಿ ಕಿತ್ತಳೆ ಮಾರುತ್ತಿದ್ದ ನೆಲ್ ಗ್ವಿನ್ ರಂಗವೇರಿ ಊರಿನ ಮನೆಮಾತಾದಳು. 1672ರಲ್ಲಿ ಅದು ಸುಟ್ಟಿತು, 1674ರಲ್ಲಿ ಎರಡನೆಯದು ಬಂತು. ನಟ ಡೇವಿಡ್ ಗ್ಯಾರಿಕ್ ಸುಮಾರು ಮೂವತ್ತು ವರ್ಷ ನಡೆಸಿದ್ದು ಇದನ್ನೇ. ಅದು ಹಳತಾಗಿ, 1794ರಲ್ಲಿ ನಾಟಕಕಾರ ಶೆರಿಡನ್ ಬಲು ದೊಡ್ಡದೊಂದನ್ನು ಕಟ್ಟಿಸಿದ. ಬೆಂಕಿಗೆ ಜಗ್ಗದಂತೆ ಕಬ್ಬಿಣದ ತೆರೆ, ಚಾವಣಿಯ ಮೇಲೆ ನೀರಿನ ತೊಟ್ಟಿಗಳು. 1809ರಲ್ಲಿ ಅದೂ ಸುಟ್ಟು ಬೂದಿಯಾಯಿತು. ಹತ್ತಿರದ ಕಾಫಿ ಅಂಗಡಿಯಲ್ಲಿ ವೈನು ಹಿಡಿದು ಕೂತಿದ್ದ ಶೆರಿಡನ್ ನನ್ನ ಮನೆಯ ಒಲೆಯ ಮುಂದೆ ನಾನು ಕೂತಿದ್ದರೆ ತಪ್ಪೇನು ಎಂದನೆಂದು ಕಥೆ ಹೇಳುತ್ತಾರೆ. ಆ ಮಾತಿನ ಹಿಂದೆ ಸಾಲದಲ್ಲಿ ಮುಳುಗಿಹೋದ ಮನುಷ್ಯನ ದುಃಖವಿದೆ.

1812ರಲ್ಲಿ ತೆರೆದ ನಾಲ್ಕನೆಯದೇ ಇವತ್ತು ನಾವು ಹೊಗುವ ಕಟ್ಟಡ. ಎಡಕ್ಕೂ ಬಲಕ್ಕೂ ಏರುವ ಎರಡು ಭವ್ಯ ಮೆಟ್ಟಿಲುಸಾಲು, ನಡುವೆ ಗುಮ್ಮಟದ ಕೆಳಗೆ ಶೇಕ್ಸ್‌ಪಿಯರ್ ಪ್ರತಿಮೆ. ಸುಮಾರು 6 ಕೋಟಿ ಪೌಂಡ್ ಖರ್ಚಿನ ದುರಸ್ತಿಯ ನಂತರ 2021ರಲ್ಲಿ ಮತ್ತೆ ತೆರೆದಿದೆ.

ವೆಸ್ಟ್ ಎಂಡಿನಲ್ಲಿ ವಿರಾಮದ ಹೊತ್ತಿಗೆ ಬೇಗ ಹೊರಗೋಡದೆ ಸ್ವಲ್ಪ ಕೂತಿರಿ. ದೊಡ್ಡದೊಂದು ತೆರೆ ಮೇಲಿನಿಂದ ಇಳಿದು ರಂಗವನ್ನು ಮುಚ್ಚುತ್ತದೆ. ಅದು ಬೆಂಕಿ ತಡೆಯುವ ತೆರೆ. 1887ರಲ್ಲಿ ಎಕ್ಸಿಟರ್ ನಗರದ ರಂಗಮಂದಿರದಲ್ಲಿ ಬೆಂಕಿ ಬಿದ್ದು 186 ಜನ ಸತ್ತ ಮೇಲೆ ನಿಯಮಗಳು ಬಿಗಿಯಾದವು. ಪ್ರೇಕ್ಷಕರ ಕಣ್ಣೆದುರೇ ತೆರೆ ಇಳಿಸಿ ಅದು ಸರಿಯಾಗಿದೆಯೆಂದು ತೋರಿಸುವ ಪದ್ಧತಿ ಇವತ್ತಿಗೂ ನಡೆದಿದೆ. ಸ್ಟ್ರ್ಯಾಂಡ್ ಬೀದಿಯ ಸೆವಾಯ್ ಥಿಯೇಟರಿಗೂ ಇದೇ ಭಯದ ಕಥೆ ಸೇರುತ್ತದೆ. 1881ರಲ್ಲಿ ಪೂರ್ತಿ ವಿದ್ಯುತ್ ದೀಪಗಳಿಂದಲೇ ಬೆಳಗಿದ ಜಗತ್ತಿನ ಮೊದಲ ಸಾರ್ವಜನಿಕ ಕಟ್ಟಡ ಅದು. ಜನರ ಅಂಜಿಕೆ ಕಳೆಯಲು ಮಾಲೀಕ ಡಾಯ್ಲಿ ಕಾರ್ಟ್ ರಂಗದ ಮೇಲೆ ಬಂದು ಉರಿಯುತ್ತಿದ್ದ ಬಲ್ಬನ್ನು ಒಡೆದು, ಏನೂ ಆಗದೆಂದು ತೋರಿಸಿದ್ದ.

ಕೊಲೆಗಾರನ ಗುಟ್ಟು, ಪಕ್ಕದ ಬಾಗಿಲು

ಲೆಸ್ಟರ್ ಸ್ಕ್ವೇರ್ ಹತ್ತಿರದ ಸೇಂಟ್ ಮಾರ್ಟಿನ್ಸ್ ಥಿಯೇಟರಿನಲ್ಲಿ ಅಗಾಥಾ ಕ್ರಿಸ್ಟಿಯ ‘ದ ಮೌಸ್‌ಟ್ರ್ಯಾಪ್’ ನಡೆಯುತ್ತಿದೆ. ವೆಸ್ಟ್ ಎಂಡಿನಲ್ಲಿ ಇದರ ಆಟ ಶುರುವಾದದ್ದು 1952ರ ನವೆಂಬರ್ 25ರಂದು, ಪಕ್ಕದ ಅಂಬಾಸಡರ್ಸ್ ಥಿಯೇಟರಿನಲ್ಲಿ. ಇಲ್ಲಿಗೆ ಬಂದದ್ದು 1974ರಲ್ಲಿ. ಕೊರೊನಾ ಕಾಲದಲ್ಲಿ 2020ರ ಮಾರ್ಚ್‌ನಿಂದ 2021ರ ಮೇವರೆಗೆ ನಿಂತದ್ದೇ ದೊಡ್ಡ ಬಿಡುವು. ಇವತ್ತಿನದು ಎಷ್ಟನೇ ಪ್ರದರ್ಶನ ಎಂದು ತೋರಿಸುವ ಮರದ ಹಲಗೆಯೊಂದು ಪಡಸಾಲೆಯಲ್ಲಿದೆ. ಆಟ ಮುಗಿದ ಮೇಲೆ ನಟರಲ್ಲೊಬ್ಬರು ಮುಂದೆ ಬಂದು ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಕೇಳಿಕೊಳ್ಳುತ್ತಾರೆ. ತಲೆಮಾರುಗಳಿಂದ ಪ್ರೇಕ್ಷಕರು ಆ ಮಾತು ಉಳಿಸಿಕೊಂಡು ಬಂದಿದ್ದಾರೆ, ನಾನೂ ಹೇಳುವುದಿಲ್ಲ.

ಇಲ್ಲಿನ ಬಹುಪಾಲು ಥಿಯೇಟರುಗಳು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದವು. ನಾಟಕವಾಡುವ ಹಕ್ಕು ಒಂದೆರಡು ರಂಗಮಂದಿರಗಳಿಗೇ ಮೀಸಲಾಗಿದ್ದ ಪದ್ಧತಿಯನ್ನು 1843ರ ಕಾನೂನು ಮುರಿಯಿತು. ರೈಲುಗಳು ಬಂದು ದೂರದ ಬಡಾವಣೆಯವರೂ ನಾಟಕ ನೋಡಿ ಮನೆ ಸೇರುವಂತಾಯಿತು. ಹಳೆಯ ಥಿಯೇಟರುಗಳ ಪಕ್ಕದ ಓಣಿಗೆ ಹೋಗಿ ನೋಡಿ: ಒಂದು ಸಣ್ಣ ಬಾಗಿಲು, ಕಡಿದಾದ ಮೆಟ್ಟಿಲು ಕಾಣುತ್ತವೆ. ಮೇಲಿನ ಗ್ಯಾಲರಿಯ ಬಡ ಪ್ರೇಕ್ಷಕರು ಸಿರಿವಂತರ ಕಣ್ಣಿಗೆ ಬೀಳದೆ ಹೋಗಲೆಂದು ಮಾಡಿದ ದಾರಿ ಅದು. ಈಗ ದುಬಾರಿ ಕುರ್ಚಿಗೆ 150 ಪೌಂಡ್ ದಾಟುವುದುಂಟು, ಮತ್ತು ಅದು ಚಿಂತೆಯ ಸಂಗತಿಯೇ. ಕಡಿಮೆ ದರದ ಸೀಟುಗಳು ಇಲ್ಲದ ದಿನ ಆ ಪಕ್ಕದ ಬಾಗಿಲೂ ಮುಚ್ಚಿದ ಹಾಗಾಗುತ್ತದೆ.

ಕಾನೂನಿನ ಬೇಲಿ

ಇಷ್ಟು ಬೆಲೆಬಾಳುವ ನೆಲದಲ್ಲಿ ಇಷ್ಟೊಂದು ರಂಗಮಂದಿರಗಳು ಮಾಲುಗಳಾಗದೆ ಉಳಿದದ್ದು ಹೇಗೆ? 1957ರಲ್ಲಿ ಸೇಂಟ್ ಜೇಮ್ಸ್ ಥಿಯೇಟರನ್ನು ಆಫೀಸು ಕಟ್ಟಡಕ್ಕಾಗಿ ಕೆಡವಲು ಹೊರಟಾಗ, ಡಾರ್ಜಿಲಿಂಗಿನಲ್ಲಿ ಹುಟ್ಟಿದ ನಟಿ ವಿವಿಯನ್ ಲೀ ಬೀದಿಯಲ್ಲಿ ಮೆರವಣಿಗೆ ನಡೆಸಿದರು. ಹೌಸ್ ಆಫ್ ಲಾರ್ಡ್ಸ್‌ನ ಗ್ಯಾಲರಿಯಲ್ಲಿ ಎದ್ದು ನಿಂತು ಕೂಗಿ ಪ್ರತಿಭಟಿಸಿದರು. ಅವರನ್ನು ಹೊರಗೆ ಕಳಿಸಿದರು. ಆ ಥಿಯೇಟರ್ ಉಳಿಯಲಿಲ್ಲ. ಆದರೆ ಆ ಸೋಲು ಊರಿನ ಮನಸ್ಸನ್ನು ಚುಚ್ಚಿತು. 1970ರ ದಶಕದಲ್ಲಿ ಕಾವೆಂಟ್ ಗಾರ್ಡನ್ ಸುತ್ತಮುತ್ತ ಕೆಡವಿ ಕಟ್ಟುವ ದೊಡ್ಡ ಯೋಜನೆ ಬಂದಾಗ ನಿವಾಸಿಗಳೂ ರಂಗಕರ್ಮಿಗಳೂ ಒಟ್ಟಾದರು. 1976ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಥಿಯೇಟರ್ಸ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಥಿಯೇಟರ್ ಇರುವ ಜಾಗದಲ್ಲಿ ಏನೇ ಕಟ್ಟಲು, ಬದಲಿಸಲು ಅರ್ಜಿ ಬಂದರೂ ಸ್ಥಳೀಯ ಆಡಳಿತ ಈ ಟ್ರಸ್ಟಿನ ಅಭಿಪ್ರಾಯ ಕೇಳಲೇಬೇಕು. ಮುಂಭಾಗವನ್ನಷ್ಟೇ ಚೆಂದಕ್ಕೆ ಉಳಿಸಿ ಹಿಂದೆ ಅಂಗಡಿ ಮಾಡುವುದು ಸುಲಭವಲ್ಲ. ಕಲ್ಲಿನ ಜೊತೆಗೆ ಆ ಕಲ್ಲಿನೊಳಗಿನ ಕಸುಬಿಗೂ ರಕ್ಷಣೆ ಕೊಟ್ಟದ್ದು ಲಂಡನ್ ಮಾಡಿದ ದೊಡ್ಡ ಕೆಲಸ.

ಥೇಮ್ಸ್ ದಡದಲ್ಲಿ ಕನ್ನಡದ ಎಳೆ

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ದಕ್ಷಿಣಕ್ಕೆ, ಲ್ಯಾಂಬೆತ್‌ನಲ್ಲಿ, ಒಂದು ಕಾಲಕ್ಕೆ ಆಸ್ಟ್ಲೀಸ್ ಆಂಫಿಥಿಯೇಟರ್ ಇತ್ತು. ಆಧುನಿಕ ಸರ್ಕಸ್ಸಿನ ಜನಕ ಫಿಲಿಪ್ ಆಸ್ಟ್ಲಿಯ ಕುದುರೆ ಆಟಗಳ ಕಣ. 1790ರ ದಶಕದಲ್ಲಿ ಟಿಪ್ಪು ಸುಲ್ತಾನನ ಯುದ್ಧದ ಸುದ್ದಿ ಹಡಗಿನಲ್ಲಿ ಬಂದು ತಲುಪುತ್ತಿದ್ದಂತೆ ಇಲ್ಲಿ ಅದು ಆಟವಾಗುತ್ತಿತ್ತು. ನಮ್ಮ ನೆಲದ ಮುತ್ತಿಗೆಗಳನ್ನು ನಿಜವಾದ ಕುದುರೆ, ಸುಳ್ಳು ತೋಪುಗಳೊಂದಿಗೆ ಲಂಡನ್ನಿನ ಜನ ಚಪ್ಪಾಳೆ ತಟ್ಟುತ್ತ ನೋಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾಗಿ ಬಂದ, ಸೈನಿಕನ ಮೇಲೆರಗಿದ ಮರದ ಹುಲಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸ್ವತ್ತು. ಟಿಪ್ಪು ಬರೆದಿಟ್ಟ ಕನಸುಗಳ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇನ್ನೂರು ವರ್ಷಗಳ ಬಳಿಕ ಅದೇ ಲಂಡನ್ನಿನ ಬಿಬಿಸಿ ರೇಡಿಯೊ ಗಿರೀಶ ಕಾರ್ನಾಡರಿಂದ ನಾಟಕ ಬರೆಸಿತು. ಅವರು ಆರಿಸಿಕೊಂಡದ್ದು ಟಿಪ್ಪುವಿನ ಆ ಕನಸುಗಳನ್ನೇ. ಖಳನಾಯಕನಾಗಿ ರಂಗಕ್ಕೆ ಬಂದಿದ್ದವನು ಕನಸು ಕಾಣುವ ಮನುಷ್ಯನಾಗಿ ಮರಳಿ ಬಂದ. 2000ದಿಂದ 2003ರವರೆಗೆ ಕಾರ್ನಾಡರು ಇಲ್ಲಿರುವ ಭಾರತದ ಸಾಂಸ್ಕೃತಿಕ ಕೇಂದ್ರ ನೆಹರೂ ಸೆಂಟರಿನ ನಿರ್ದೇಶಕರೂ ಆಗಿದ್ದರು.

ಅದಕ್ಕೂ ಮೊದಲು, 20ನೇ ಶತಮಾನದ ಆರಂಭದಲ್ಲಿ, ಭೂವಿಜ್ಞಾನ ಓದಲು ಬಂದ ಟಿ.ಪಿ. ಕೈಲಾಸಂ ಈ ಊರಿನ ನಾಟಕಶಾಲೆಗಳ ನಂಟು ಹಚ್ಚಿಕೊಂಡರು. ಕಲ್ಲಿನ ವಿದ್ಯೆ ಕಲಿತು ಊರಿಗೆ ಮರಳಿದವರು ಕನ್ನಡ ರಂಗಕ್ಕೆ ಬೆಂಗಳೂರಿನ ಮಧ್ಯಮ ವರ್ಗದ ಮನೆಯ ಪಡಸಾಲೆಯನ್ನೂ ಅಲ್ಲಿನ ಆಡುಮಾತನ್ನೂ ತಂದರು. ‘ಟೊಳ್ಳುಗಟ್ಟಿ’, ‘ಹೋಂ ರೂಲು’ಗಳ ಹಿಂದೆ ಲಂಡನ್ನಿನ ಆ ಸಂಜೆಗಳಿವೆ.

ಲ್ಯಾಂಬೆತ್‌ನ ದಡದಲ್ಲೇ, ಪಾರ್ಲಿಮೆಂಟಿನ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅನುಭವ ಮಂಟಪದ ನೆನಪು ಹೊತ್ತ ಕನ್ನಡಿಗರು ಅಲ್ಲಿಗೆ ತಪ್ಪದೆ ಹೋಗುತ್ತಾರೆ.

ಹೋಗುವವರಿಗೆ ನಾಲ್ಕು ಮಾತು

ಗ್ಲೋಬ್‌ನ ಬಯಲು ರಂಗದಲ್ಲಿ ಆಟ ನಡೆಯುವುದು ಬೇಸಿಗೆಯ ತಿಂಗಳುಗಳಲ್ಲಿ. ಚಳಿಗಾಲದಲ್ಲಿ ಪಕ್ಕದ ಸ್ಯಾಮ್ ವಾನಮೇಕರ್ ಪ್ಲೇಹೌಸಿನಲ್ಲಿ ಮೇಣದಬತ್ತಿಯ ಬೆಳಕಿನ ನಾಟಕ ನೋಡಬಹುದು. ನಿಂತು ನೋಡುವವರು ಮಳೆಕೋಟು, ಮೆತ್ತನೆಯ ಬೂಟು ಮರೆಯಬಾರದು. ವೆಸ್ಟ್ ಎಂಡಿನ ಅಂದಂದಿನ ರಿಯಾಯಿತಿ ಟಿಕೆಟ್ಟುಗಳು ಲೆಸ್ಟರ್ ಸ್ಕ್ವೇರ್‌ನ ಟಿಕೆಟಿಎಸ್ ಕಟ್ಟೆಯಲ್ಲಿ ಸಿಗುತ್ತವೆ. ಮೇಲಿನ ಗ್ಯಾಲರಿ ಅಗ್ಗ, ಆದರೆ ಮೆಟ್ಟಿಲು ಕಡಿದು. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಮೊದಲೇ ವಿಚಾರಿಸುವುದು ಒಳ್ಳೆಯದು. ಹಗಲಿನ ಆಟವನ್ನು ‘ಮ್ಯಾಟಿನಿ’ ಎನ್ನುತ್ತಾರೆ. ದೂರದಲ್ಲಿ ತಂಗಿದವರಿಗೆ ಅದು ಅನುಕೂಲ.

ಲಂಡನ್ನಿನಿಂದ ಕಲಿಯಬೇಕಾದದ್ದು ಆಡಂಬರವನ್ನಲ್ಲ. ದಿನಕ್ಕೊಂದು ಆಟ, ಬಡವನ ಕೈಗೆಟುಕುವ ಟಿಕೆಟ್, ಟಿಕೆಟ್ ಇಲ್ಲದವನಿಗೂ ತೆರೆದ ಪಡಸಾಲೆ, ಕಟ್ಟಡಕ್ಕೆ ಕಾನೂನಿನ ಬೇಲಿ: ಈ ನಾಲ್ಕು ಕೂಡಿದರೆ ರಂಗಮಂದಿರ ಊರಿನ ಹೆಗ್ಗುರುತಾಗಿ ಉಳಿಯುತ್ತದೆ. ನಮ್ಮಲ್ಲಿ ಇದಕ್ಕೆ ಬೇಕಾದ ಜನ ಇದ್ದಾರೆ. 2004ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ರಂಗಶಂಕರ ದಿನಕ್ಕೊಂದು ನಾಟಕದ ಸಂಕಲ್ಪದಿಂದಲೇ ಹುಟ್ಟಿದ್ದು. ಮೈಸೂರಿನ ರಂಗಾಯಣ, ಹೆಗ್ಗೋಡಿನ ನೀನಾಸಂ ತಮ್ಮ ಊರುಗಳಿಗೆ ಹೆಸರು ತಂದಿವೆ. ಆದರೂ ಬೆಂಗಳೂರಿಗೆ ಬಂದ ನೆಂಟರನ್ನು ನಾವು ವಿಧಾನಸೌಧ, ಲಾಲ್‌ಬಾಗ್, ಮಾಲುಗಳಿಗೆ ಕರೆದೊಯ್ಯುತ್ತೇವೆಯೇ ಹೊರತು, ಸಂಜೆಯ ನಾಟಕಕ್ಕೆ ಕರೆದೊಯ್ಯುವವರು ಎಷ್ಟು ಮಂದಿ? ಮುಂದಿನ ಸಲ ಯಾರಾದರೂ ಊರು ನೋಡಲು ಬಂದರೆ, ಅಥವಾ ನಾವೇ ಬೇರೆ ಊರಿಗೆ ಹೋದರೆ, ಪಟ್ಟಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳೋಣ: ಇಲ್ಲಿ ಇವತ್ತು ಯಾವ ನಾಟಕ? ಆ ಪ್ರಶ್ನೆ ಕೇಳುವವರು ಹೆಚ್ಚಿದಷ್ಟೂ ಅದಕ್ಕೆ ಉತ್ತರ ಕೊಡಬಲ್ಲ ಊರುಗಳೂ ಹೆಚ್ಚುತ್ತವೆ.